ಸ್ಕೂಟಿ ಇಲ್ಲೇನ್ರೀ ನಿಮ್ಮ ಮನ್ಯಾಗ?

ಪ್ರಶ್ನೆ: ನಾನು ಬ್ಯಾಂಕಿನಾಗ ನೌಕರಿ ಮಾಡ್ತೀನ್ರೀ. ಮನಿಯಿಂದ ಗಾಂಧಿ ಚೌಕ್ ತನಕ ದಿನಾ ಸೈಕಲ್ ಮ್ಯಾಲೆ ಹೋಗ್ತೀನಿ. ಸ್ಕೂಟಿ ಐತಿ, ಆದ್ರ ನನಗ ಸೈಕಲ್ಲೇ ಸೇರತೈತಿ. ಆಫೀಸಿನವರು "ಪಗಾರ ಆಗಿಲ್ಲೇನ್ರೀ ಮೇಡಮ್" ಅಂತ ನಗ್ತಾರ, ಅತ್ತಿಯವರು "ಮಂದಿ ಏನಂತಾರ" ಅಂತಾರ. ಏನ್ ಹೇಳ್ಲಿ?
- ಓದುಗರೊಬ್ಬರು, ವಿಜಯಪುರ

ಉತ್ತರ: ಅಲ್ರೀ, ಇದೇ ನಮ್ಮೂರಾಗ ಸೈಕ್ಲಿಂಗಿಗಂತಾನ ಕ್ರೀಡಾ ಹಾಸ್ಟೆಲ್ ಐತಿ, ಹುಡುಗ್ಯಾರು ಮೆಡಲ್ ತಂದ್ರ ಹಾರ ಹಾಕಿ ಫೋಟೋ ತೆಗಿಸ್ಕೋತೀವಿ. 2006-07ರಾಗ ಸರ್ಕಾರ ಎಂಟನೇ ಕ್ಲಾಸಿನವರಿಗೆ ಪುಕ್ಕಟೆ ಸೈಕಲ್ ಕೊಡಾಕ ಶುರು ಮಾಡಿದಾಗ ಹಳ್ಳ್ಯಾಗಿನ ಹುಡುಗ್ಯಾರು ಸೈಕಲ್ ತುಳಕೋತ ಸಾಲಿಗೆ ಹೋಗೂದು ನೋಡಿ ಖುಷಿ ಪಟ್ಟವ್ರೂ ನಾವೇ. ಅದೇ ಹುಡುಗಿ ದೊಡ್ಡಾಕಿ ಆಗಿ, ನೌಕರಿ ಹಿಡದು ಸೈಕಲ್ ಹತ್ತಿದ್ರ "ಪಾಪ" ಅಂತೀವಿ! ಗಾಡಿ ನೋಡಿ ಪಗಾರ ಲೆಕ್ಕ ಹಾಕೂ ಚಟ ಇದು, ಹೆಣ್ಣು ಕೊಡೂ ಮುಂದ "ಹುಡುಗಂದು ಕಾರ್ ಐತೇನು" ಅಂತ ಕೇಳೂ ಮಂದಿ ಲಗೂನ ಬಿಡಂಗಿಲ್ಲ ಬಿಡ್ರಿ.

ಆಫೀಸಿನವರಿಗೆ ಮಾರ್ಕ್ ರುಟ್ಟೆ ಫೋಟೋ ತೋರಿಸ್ರಿ, ನೆದರ್‌ಲ್ಯಾಂಡ್ಸ್ ಪ್ರಧಾನಿ ಇದ್ದಾಗ ಸೈಕಲ್ ಮ್ಯಾಲೆ ಆಫೀಸಿಗೆ ಹೋಗ್ತಿದ್ದ ಮನಷ್ಯಾ, ಅಂವಗ ಯಾರೂ ಪಗಾರ ಕೇಳಿಲ್ಲ. ಅಲ್ಲೂ ಮೊದ್ಲಿಂದ ಹಿಂಗ ಇರಲಿಲ್ರೀ. ಕಾರು ಹೆಚ್ಚಾಗಿ 1971ರಾಗ ರಸ್ತೆ ಮ್ಯಾಲೆ 3,000ಕ್ಕಿಂತ ಜಾಸ್ತಿ ಮಂದಿ ಸತ್ರು, ಅದರಾಗ ಮಕ್ಕಳೇ 400ರ ಮ್ಯಾಲೆ. ಆಮ್ಯಾಲೆ ತಾಯಂದ್ರು ಬೀದಿಗಿಳದ್ರು, ಎಣ್ಣಿ ರೇಟೂ ಏರ್ತು, ಸೈಕಲ್ಲಿಗೆ ಬ್ಯಾರೆ ದಾರಿ ಮಾಡಾಕ ಹತ್ತಿದ್ರು. ದಾರಿ ಆದ ಮ್ಯಾಲೆ ಸಾಹೇಬ್ರೂ ಹತ್ತಿದ್ರು, ಕೂಲಿಯವ್ರೂ ಹತ್ತಿದ್ರು, ನಗವ್ರು ಯಾರ್ ಉಳದ್ರು?

ನಮ್ಮಲ್ಲಿ ಅಂಥಾ ದಾರಿ ಇಲ್ಲ, ಹಂಗಾಗಿ ಅತ್ತಿಯವರ ಮಾತಿನಾಗ ಮರ್ಯಾದಿಕಿಂತ ಹೆದರಿಕಿನೇ ಜಾಸ್ತಿ ಇರಬಹುದು ಅನ್ನಸ್ತೈತಿ ನನಗ, ಕೇಳಿ ನೋಡ್ರಿ. ಹೆದರಿಕಿ ಆದ್ರ ಅದಕ್ಕ ಉಪಾಯ ಐತಿ. ಹಿಂದ ಕೆಂಪು ಲೈಟ್ ಹಾಕಸ್ರಿ, ಸಂಜಿ ಬರೂವಾಗ ಅದು ಬೇಕೇ ಬೇಕು. ನಿಂತ ಕಾರಿನ ಮಗ್ಗಲಕ್ಕ ತೀರ ಅಂಟಿ ಹೋಗಬ್ಯಾಡ್ರಿ, ಒಳಗಿದ್ದವ ಹಿಂದ ನೋಡದ ಬಾಗಲಾ ತೆಗದ್ರ ಸೀದಾ ಹ್ಯಾಂಡಲ್ಲಿಗೆ ಬಡೀತೈತಿ, ಒಂದು ಬಾಗಲಾದಷ್ಟು ಜಾಗಾ ಬಿಟ್ಟು ಹೋಗ್ರಿ, ಹಿಂದಿನವ ಹಾರ್ನ್ ಹೊಡದ್ರ ಹೊಡೀಲಿ. ಚೈನ್ ಕವರ್ ಇಲ್ಲಂದ್ರ ಸೀರಿ, ವೇಲು ಎರಡೂ ಸಿಗತಾವ, ಮೊದ್ಲ ಅದನ್ನ ಹಾಕಸ್ರಿ. ಎಪ್ರಿಲ್-ಮೇದಾಗ ಇಲ್ಲಿ 40 ಡಿಗ್ರಿ ದಾಟತೈತಿ, ಆ ಎರಡು ತಿಂಗಳ ಮಟಮಟ ಮಧ್ಯಾಹ್ನ ಹೊಂಟ್ರ ಸ್ಕೂಟಿ ತಗೊಂಡ್ ಹೋಗ್ರಿ, ಅದರಾಗ ಸೋಲೇನಿಲ್ಲ. ಮತ್ತ "ಪಗಾರ ಆಗಿಲ್ಲೇನು" ಅಂದವ್ರಿಗೆ, "ಆಗೇತ್ರೀ, ಪೆಟ್ರೋಲಿಗೆ ಹೋಗಿಲ್ಲ ಅಷ್ಟ" ಅನ್ರಿ.