ಲಂಡನ್ ಸ್ಟುಡಿಯೊನಾ, ಪೈಪ್ ಕಂಪನಿನಾ?

ಮೇಡಂ, ನಾನು ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ ಡಿಜಿಟಲ್ ಮೀಡಿಯಾ ಪದವಿ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ನಮ್ಮದು 4 ವರ್ಷದ ಕೋರ್ಸು. ಮೂರನೇ ವರ್ಷ ಪೂರ್ತಿ ಯಾವುದಾದರೂ ಕಂಪನಿಯಲ್ಲಿ ಕೆಲಸ ಮಾಡಬೇಕು, ಅದಕ್ಕೆ ಪ್ಲೇಸ್‌ಮೆಂಟ್ ಇಯರ್ ಅಂತಾರೆ. ಎಷ್ಟೋ ಕಡೆ ಅರ್ಜಿ ಹಾಕಿದ ಮೇಲೆ ಎರಡು ಕಡೆಯಿಂದ ಉತ್ತರ ಬಂದಿದೆ. ಒಂದು ಲಂಡನ್‌ನ ಸಣ್ಣ ಪ್ರೊಡಕ್ಷನ್ ಕಂಪನಿ. ಟಿವಿಗೆ ಸಾಕ್ಷ್ಯಚಿತ್ರ ಮಾಡುತ್ತಾರೆ. ಸಂಬಳ ಇಲ್ಲ, ಓಡಾಟದ ಖರ್ಚು ಮಾತ್ರ. ಇನ್ನೊಂದು ಸ್ಟಾಕ್‌ಪೋರ್ಟ್‌ನಲ್ಲಿ ಪೈಪು, ನಲ್ಲಿ ಮಾರುವ ಕಂಪನಿ. ಅವರ ವೆಬ್‌ಸೈಟು, ವಿಡಿಯೊ, ಇನ್‌ಸ್ಟಾಗ್ರಾಂ ನೋಡಿಕೊಳ್ಳಬೇಕು. ಸಂಬಳ ಕೊಡುತ್ತಾರೆ.

ಅಪ್ಪನದು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಸಾಲ ಮಾಡಿ ಕಳಿಸಿದ್ದಾರೆ. ಮಗಳು ಬಿಬಿಸಿಯಲ್ಲಿ ಕೆಲಸ ಮಾಡ್ತಾಳೆ ಅಂತ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ. ಪೈಪ್ ಕಂಪನಿಯ ಸುಳಿವು ಕೊಟ್ಟಾಗ, 'ಪೈಪ್ ಮಾರೋಕೆ ಅಷ್ಟು ದೂರ ಹೋಗ್ಬೇಕಿತ್ತಾ?' ಅಂದರು. ಲಂಡನ್‌ನಲ್ಲಿ ಸಂಬಳ ಇಲ್ಲ ಅನ್ನೋದನ್ನ ಇನ್ನೂ ಹೇಳಿಲ್ಲ. ಸದ್ಯ ಇಲ್ಲಿನ ಭಾರತೀಯರ ಮದುವೆ ವಿಡಿಯೊ ಎಡಿಟ್ ಮಾಡಿಕೊಟ್ಟು ಸ್ವಲ್ಪ ದುಡ್ಡು ಸಂಪಾದಿಸುತ್ತಿದ್ದೇನೆ. ಲಂಡನ್‌ಗೆ ಹೋದರೂ ಅದರಲ್ಲೇ ಹೇಗೋ ತೂಗಿಸಬಹುದು ಅನ್ನಿಸುತ್ತದೆ. ಯಾವುದನ್ನು ಒಪ್ಪಿಕೊಳ್ಳಲಿ?
– ಹೆಸರು ಬೇಡ

ನಿಮ್ಮ ಪ್ರಶ್ನೆಗೆ ಬರುವ ಮೊದಲು ಒಂದು ತುರ್ತು ಮಾತು. ಆ ಮದುವೆ ವಿಡಿಯೊ ಕೆಲಸ ಇವತ್ತೇ ನಿಲ್ಲಿಸಿ. ಬ್ರಿಟನ್‌ನ ಸ್ಟೂಡೆಂಟ್ ವೀಸಾದಲ್ಲಿ ಇರುವವರು ಸ್ವಂತ ದುಡಿಮೆ ಮಾಡುವಂತಿಲ್ಲ. ಪದವಿ ಓದುವವರು ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು ಅಂತ ಎಲ್ಲರೂ ಹೇಳಿರುತ್ತಾರೆ. ಆದರೆ ಅದು ಒಬ್ಬರ ಕೈಕೆಳಗೆ ಸಂಬಳಕ್ಕೆ ದುಡಿಯುವ ಲೆಕ್ಕ. ಗಿರಾಕಿ ಹಿಡಿದು, ಎಡಿಟ್ ಮಾಡಿಕೊಟ್ಟು, ದುಡ್ಡು ಇಸ್ಕೊಳ್ಳೋದು ಅದರಲ್ಲಿ ಬರಲ್ಲ. ಗಂಟೆ ಎಷ್ಟೇ ಕಮ್ಮಿ ಇರಲಿ, ಕೊಡುವವರು ನಮ್ಮವರೇ ಆಗಿರಲಿ, ನಗದಾಗಿರಲಿ, ತಪ್ಪು ತಪ್ಪೇ. ಯೂಟ್ಯೂಬ್ ಚಾನೆಲ್‌ಗೆ ಜಾಹೀರಾತಿನ ಹಣ ಬಂದರೂ ಇದೇ ತಕರಾರು ಏಳಬಹುದು. ನಿಮ್ಮ ಓದಿನಲ್ಲಿ ಈ ಅಪಾಯ ಜಾಸ್ತಿ. ಕಲಿತ ಒಂದೊಂದು ವಿದ್ಯೆಯನ್ನೂ ಮರುದಿನವೇ ಲ್ಯಾಪ್‌ಟಾಪ್ ತೆರೆದು ಮಾರಬಹುದು ನೋಡಿ! ಇದುವರೆಗೆ ಮಾಡಿದ್ದರ ಬಗ್ಗೆ ಏನು ಮಾಡಬೇಕು ಅನ್ನೋದನ್ನು ಅಧಿಕೃತ ವಲಸೆ ಸಲಹೆಗಾರರೊಬ್ಬರ ಹತ್ತಿರ ಕೇಳಿ. ಗೆಳತಿಯರ ವಾಟ್ಸ್ಯಾಪ್ ಗುಂಪಿನಲ್ಲಿ ಬೇಡ.

ಪ್ಲೇಸ್‌ಮೆಂಟ್ ವರ್ಷಕ್ಕೆ ಈ 20 ಗಂಟೆಯ ಕಟ್ಟಳೆ ಇಲ್ಲ. ಅದು ಕೋರ್ಸಿನ ಭಾಗ, ಅದಕ್ಕೂ ಮೌಲ್ಯಮಾಪನ ಇರುತ್ತದೆ. ಹಾಗಾಗಿ ದಿನಪೂರ್ತಿ ದುಡಿಯಬಹುದು. ಆದರೆ ವಿಶ್ವವಿದ್ಯಾಲಯ ಒಪ್ಪಿದ ಕಂಪನಿ, ಒಪ್ಪಿದ ಕೆಲಸ ಆಗಿರಬೇಕು.

ಈಗ ನಿಮ್ಮ ಪ್ರಶ್ನೆ. ನನ್ನ ಓಟು ಪೈಪ್ ಕಂಪನಿಗೆ.

ಮೊದಲು ದುಡ್ಡಿನ ಮಾತು ಮುಗಿಸೋಣ. ಬ್ರಿಟನ್‌ನಲ್ಲಿ ಕನಿಷ್ಠ ವೇತನದ ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಕೋರ್ಸಿನ ಭಾಗವಾಗಿ ಒಂದು ವರ್ಷದವರೆಗೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಲಂಡನ್‌ನವರು ಕಾನೂನು ಮುರಿಯುತ್ತಿಲ್ಲ. ಸುಮ್ನೆ ನಿಮ್ಮ ಅಪ್ಪನ ಖರ್ಚಿನಲ್ಲಿ ಒಬ್ಬ ಸಹಾಯಕಿಯನ್ನು ಇಟ್ಟುಕೊಳ್ಳುತ್ತಿದ್ದಾರೆ, ಅಷ್ಟೇ. ಲಂಡನ್‌ನಲ್ಲಿ ಓದುವವರು ವೀಸಾ ಕೇಳುವಾಗ ಜೀವನಕ್ಕೆ ತಿಂಗಳಿಗೆ 1,483 ಪೌಂಡ್ ಇದೆ ಎಂದು ತೋರಿಸಬೇಕು ಅಂತ ಅಲ್ಲಿನ ಸರ್ಕಾರ 2025ರ ಜನವರಿಯಲ್ಲಿ ನಿಗದಿ ಮಾಡಿತ್ತು. ಲಂಡನ್‌ನಿಂದ ಹೊರಗಾದರೆ 1,136. ಆಮೇಲೆ ಎರಡೂ ಏರಿವೆ. ಹಳೇ ಲೆಕ್ಕವನ್ನೇ ಹಿಡಿದರೂ ಲಂಡನ್‌ನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ರೂಪಾಯಿ. ಆ ವರ್ಷದ ಫೀಸು ಬೇರೆ. ಇಂಗ್ಲೆಂಡಿನ ಮಕ್ಕಳಿಗಾದರೆ ಪ್ಲೇಸ್‌ಮೆಂಟ್ ವರ್ಷದ ಫೀಸು ಮಾಮೂಲಿ ಮಿತಿಯ 20 ಶೇಕಡಾ ಮೀರುವಂತಿಲ್ಲ. ಹೊರದೇಶದವರಿಗೆ ಆ ಮಿತಿ ಇಲ್ಲ, ಆಯಾ ವಿಶ್ವವಿದ್ಯಾಲಯ ಹೇಳಿದ್ದೇ ದರ. ನಿಮ್ಮದು ಎಷ್ಟು ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಪತ್ರವನ್ನು ಮತ್ತೆ ಓದಿದೆ. ಸಾಕ್ಷ್ಯಚಿತ್ರ ಮಾಡುವ ಆಸೆ ಇದೆ ಅಂತ ನೀವು ಎಲ್ಲೂ ಬರೆದಿಲ್ಲ. ಇದ್ದಿದ್ದರೆ ಬೇರೆ ಥರ ಯೋಚಿಸುತ್ತಿದ್ದೆನೇನೋ. ಬಿಬಿಸಿಯ ಆಸೆ ಅಪ್ಪನದು, ಅದರಲ್ಲೂ ನೆಂಟರ ಮುಂದಿನದು. 2011ರಲ್ಲಿ ಬಿಬಿಸಿ ತನ್ನ ಕೆಲವು ವಿಭಾಗಗಳನ್ನು ಸಾಲ್‌ಫರ್ಡ್‌ನ ಮೀಡಿಯಾಸಿಟಿಗೆ ತಂದಿತು, ನೀವು ದಿನಾ ನೋಡುವ ಕಟ್ಟಡಗಳು ಅವು. ಊರಿನ ಹೆಸರಿನ ಜೊತೆ ಬಿಬಿಸಿ ಹೆಸರೂ ಅಪ್ಪನ ಕಿವಿಗೆ ಬಿದ್ದಿರುತ್ತದೆ. ಲಂಡನ್ ಕಂಪನಿಯಂತೂ ಬಿಬಿಸಿ ಅಲ್ಲವಲ್ಲ. ಅಲ್ಲಿಗೆ ಹೋದರೂ ಅಪ್ಪನ ಮಾತು ಉಳಿಯಲ್ಲ.

ಅಂಥ ಸಣ್ಣ ಕಂಪನಿಯಲ್ಲಿ ಹೊಸಬರಿಗೆ ಏನು ಕೊಡುತ್ತಾರೆ? ಹಾರ್ಡ್ ಡಿಸ್ಕ್ ಹೊತ್ತುಕೊಂಡು ಹೋಗೋದು, ಶೂಟ್ ಆದ ಗಂಟೆಗಟ್ಟಲೆ ದೃಶ್ಯ ನೋಡಿ ಯಾವುದು ಎಲ್ಲಿದೆ ಅಂತ ಪಟ್ಟಿ ಮಾಡೋದು, ಚಹಾ ತರೋದು. ಅದೂ ಕಲಿಕೆಯೇ, ಇಲ್ಲ ಅನ್ನಲ್ಲ. ಒಂದು ವರ್ಷದಷ್ಟು ಇದೆಯಾ ಅನ್ನೋದೇ ಅನುಮಾನ.

ಪೈಪ್ ಕಂಪನಿಯಲ್ಲಿ ಒಂದೇ ಒಂದು ವಿಡಿಯೊ ಊಹಿಸಿಕೊಳ್ಳಿ. ತೊಟ್ಟಿಕ್ಕುವ ನಲ್ಲಿಯ ವಾಷರ್ ಬದಲಾಯಿಸೋದು ಹೇಗೆ ಅಂತ. ಜನ ಗೂಗಲ್‌ನಲ್ಲಿ ಯಾವ ಪದ ಹಾಕಿ ಹುಡುಕುತ್ತಾರೆ ಅಂತ ನೋಡಬೇಕು. ಸ್ಕ್ರಿಪ್ಟ್ ಬರೆಯಬೇಕು. ಸಿಂಕಿನ ಕೆಳಗೆ ಬೆಳಕು ಸಾಲಲ್ಲ, ಅಲ್ಲಿ ಕ್ಯಾಮೆರಾ ತೂರಿಸಬೇಕು. ಸ್ಪ್ಯಾನರ್ ತಿರುಗಿಸುವ ಕೈ ನಲ್ಲಿಯನ್ನೇ ಮುಚ್ಚದ ಹಾಗೆ ಶೂಟ್ ಮಾಡಬೇಕು. ಕಿವಿ ಕೇಳದವರಿಗೂ ಅರ್ಥವಾಗುವಂತೆ ಕ್ಯಾಪ್ಷನ್ ಹಾಕಬೇಕು. ವಿಡಿಯೊ ಹಾಕಿದ ಮೇಲೆ ಯಾವ ಸೆಕೆಂಡಿನಲ್ಲಿ ಜನ ಎದ್ದು ಹೋದರು ಅಂತ ಗ್ರಾಫ್ ತೋರಿಸುತ್ತದೆ. 'ವಾಲ್ವ್ ಬಂದ್ ಮಾಡಿ' ಅಂತ ಹೇಳಲು ಮುಕ್ಕಾಲು ನಿಮಿಷ ತೆಗೆದುಕೊಂಡಿದ್ದೀರಿ ಅಂತ ಆಗ ಗೊತ್ತಾಗುತ್ತದೆ. ಮತ್ತೆ ಕತ್ತರಿಸಬೇಕು. ಕೊನೆಗೆ, ನೋಡಿದವರಲ್ಲಿ ಎಷ್ಟು ಜನ ವಾಷರ್ ಕೊಂಡರು? ನಾಳೆ ಇಂಟರ್‌ವ್ಯೂನಲ್ಲಿ ಮೊದಲು ಹೇಗಿತ್ತು, ನಾನು ಬಂದ ಮೇಲೆ ಏನಾಯಿತು ಅಂತ ಅಂಕಿ ಇಟ್ಟು ಮಾತಾಡಬಹುದು. ಅಂದ ಹಾಗೆ, ಗಿರಾಕಿಗಳು ಎಲ್ಲಿ ಎಡವುತ್ತಾರೆ ಅಂತ ಕೇಳೋಕೆ ದಾವಣಗೆರೆಯಲ್ಲೇ ಒಬ್ಬರು ತಜ್ಞರಿದ್ದಾರೆ. ಫೋನ್ ನಂಬರ್ ನಿಮ್ಮ ಹತ್ತಿರವೇ ಇದೆ.

ಇಷ್ಟು ಹೇಳಿದರೂ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಇಂಥ ಕಂಪನಿಯಲ್ಲಿ ಡಿಜಿಟಲ್ ಕೆಲಸ ಗೊತ್ತಿರುವವರು ನೀವೊಬ್ಬರೇ ಆಗಿಬಿಡಬಹುದು. ತಪ್ಪು ತೋರಿಸುವವರಿಲ್ಲದೆ ವರ್ಷ ಕಳೆದರೆ ಮೊದಲ ತಿಂಗಳು ಮಾಡಿದ್ದನ್ನೇ ಹನ್ನೆರಡನೇ ತಿಂಗಳೂ ಮಾಡುತ್ತಿರುತ್ತೀರಿ. ನನ್ನ ಕೆಲಸ ಯಾರು ನೋಡಿ ತಿದ್ದುತ್ತಾರೆ, ಅವರಿಗೆ ಈ ಕೆಲಸ ಬರುತ್ತದಾ, ಮಾಡಿದ್ದನ್ನು ನನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದಾ ಅಂತ ಮೊದಲೇ ಕೇಳಿ. ತಿದ್ದುವವರು ಯಾರೂ ಇಲ್ಲ ಅಂತಾದರೆ ವಿಶ್ವವಿದ್ಯಾಲಯದಲ್ಲಿ ನಿಮ್ಮ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಟ್ಯೂಟರ್‌ಗೆ ಹೇಳಿ. ಆಗಾಗ ನಿಮ್ಮ ಕೆಲಸ ನೋಡುವ ಜವಾಬ್ದಾರಿ ಅವರಿಗೂ ಇದೆ. ಅದಕ್ಕೂ ದಾರಿಯಾಗದಿದ್ದರೆ ನನ್ನ ಓಟು ವಾಪಸ್. ಆಗ ಬೇರೆ ಕಂಪನಿ ಹುಡುಕಬೇಕಾಗುತ್ತದೆ.

ಸ್ವಲ್ಪ ಓದು, ಸ್ವಲ್ಪ ಕೆಲಸ, ಮತ್ತೆ ಓದು ಎಂಬ ಈ ಪದ್ಧತಿಯನ್ನು ಸಂಡರ್‌ಲೆಂಡ್‌ನ ಟೆಕ್ನಿಕಲ್ ಕಾಲೇಜು 1903ರಲ್ಲೇ ಎಂಜಿನಿಯರಿಂಗ್ ಹುಡುಗರಿಗಾಗಿ ತಂದಿತ್ತು. ಪೈಪು, ನಟ್ಟು, ಬೋಲ್ಟಿನ ಲೋಕದಿಂದಲೇ ನಿಮ್ಮ ಮೀಡಿಯಾ ಕೋರ್ಸಿಗೆ ಬಂದದ್ದು ಇದು. ನಾಚಿಕೊಳ್ಳುವಂಥದ್ದೇನಿಲ್ಲ.

ಅಪ್ಪನಿಗೆ ಹೇಗೆ ಹೇಳೋದು? ಮೊದಲು ಲೆಕ್ಕ ಹೇಳಿ. ಅಂಗಡಿ ನಡೆಸುವವರಿಗೆ 20 ಲಕ್ಷ ಕೈಯಿಂದ ಹೋಗೋದು, ತಿಂಗಳು ತಿಂಗಳು ಸಂಬಳ ಬರೋದು, ಇವೆರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವ ಗ್ರಾಜುಯೇಟ್ ವೀಸಾ 2 ವರ್ಷದ್ದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ 18 ತಿಂಗಳು ಮಾತ್ರ. ಅಷ್ಟರೊಳಗೆ ಕೆಲಸ ಹಿಡಿಯಲು ಸಂಬಳ ಪಡೆದ ಒಂದು ವರ್ಷದ ಅನುಭವ ಬೇಕು ಅಂತ ಇದನ್ನೂ ಹೇಳಿ. ಬೇಜಾರಾಗುತ್ತಾರೆ, ಒಂದೆರಡು ದಿನ ಸರಿಯಾಗಿ ಮಾತಾಡಲ್ಲ. ನೆಂಟರಿಗೆ ಏನು ಹೇಳಬೇಕು ಅನ್ನೋದು ಅವರ ತಲೆನೋವು, ಅದನ್ನು ನೀವು ಹೊರಬೇಡಿ.

ಲಂಡನ್‌ನವರಿಗೆ ಒರಟಾಗಿ ಇಲ್ಲ ಅನ್ನಬೇಡಿ. ಎರಡನೇ ವರ್ಷ ಮುಗಿದ ಬೇಸಿಗೆ ರಜೆಯಲ್ಲಿ ಒಂದೆರಡು ವಾರ ಬಂದು ಕೆಲಸ ನೋಡಬಹುದಾ ಅಂತ ಕೇಳಿ. ಸುಮ್ಮನೆ ಪಕ್ಕದಲ್ಲಿ ಕೂತು ನೋಡೋದಾದರೆ ಸಂಬಳದ ಪ್ರಶ್ನೆ ಬರಲ್ಲ. ಕೆಲಸ ಮಾಡಿಸಿಕೊಂಡರೆ ಕನಿಷ್ಠ ವೇತನ ಕೊಡಲೇಬೇಕು, ಏಕೆಂದರೆ ಆಗ ಅದು ಕೋರ್ಸಿನ ಭಾಗ ಅಲ್ಲ. ಹೂಂ ಅಂದರೆ ಹೋಗಿಬನ್ನಿ.