ಮಗಳಿಗೆ ದಿನಾ ‘ಸೂಪರ್’ ಅಂದರೆ ಸೆಲ್ಫ್ ಎಸ್ಟೀಮ್ ಬೆಳೆಯುತ್ತಾ?

ಐದನೇ ಕ್ಲಾಸಿನ ಮಗಳು ಏನು ಕೊಟ್ಟರೂ “ನಂಗೆ ಬರಲ್ಲ” ಅಂತಾಳೆ, ಎಷ್ಟು ಹೊಗಳಿದರೂ ಧೈರ್ಯ ಬರ್ತಿಲ್ಲ, ಪರ್ಸನಾಲಿಟಿ ಕ್ಯಾಂಪಿಗೆ ಸೇರಿಸಲಾ ಅಂತ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿದವಳು. ಈಗ ಶಾಲೆಯಲ್ಲಿ ಆಪ್ತಸಮಾಲೋಚಕಿಯಾಗಿ ಅಪ್ಪ ಅಮ್ಮಂದಿರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಕ್ಯಾಂಪ್ ಬೇಡ. ಹೊಗಳಿಕೆಯನ್ನೂ ಇಳಿಸಿ.

ನೆದರ್ಲೆಂಡ್ಸ್‌ನಲ್ಲಿ ಮನಶ್ಶಾಸ್ತ್ರಜ್ಞ ಎಡ್ಡಿ ಬ್ರುಮ್ಮಲ್‌ಮನ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. 8ರಿಂದ 12 ವರ್ಷದ ಮಕ್ಕಳಿಗೆ ವ್ಯಾನ್ ಗಾಗ್‌ನ ಗುಲಾಬಿ ಹೂಗಳ ಚಿತ್ರವೊಂದನ್ನು ನೋಡಿ ಬಿಡಿಸಲು ಹೇಳಿದರು. ಆಮೇಲೆ ಹೆಸರಾಂತ ಚಿತ್ರಕಾರರೊಬ್ಬರು ಕಳಿಸಿದ್ದು ಅಂತ ಚೀಟಿ ಕೊಟ್ಟರು. ಕೆಲವರ ಚೀಟಿಯಲ್ಲಿ “ಚಂದದ ಚಿತ್ರ” ಅಂತಿತ್ತು, ಕೆಲವರದರಲ್ಲಿ “ನಂಬಲಾರದಷ್ಟು ಚಂದದ ಚಿತ್ರ” ಅಂತ, ಉಳಿದವರಿಗೆ ಹೊಗಳಿಕೆಯೇ ಇಲ್ಲ. ಮುಂದೆ ಯಾವ ಚಿತ್ರ ಬಿಡಿಸ್ತೀರಿ, ಸುಲಭದ್ದೋ ಕಷ್ಟದ್ದೋ ಅಂತ ಕೇಳಿದಾಗ, ತಮ್ಮ ಮೇಲೆ ತಮಗೇ ಭರವಸೆ ಕಡಿಮೆ ಇದ್ದ ಮಕ್ಕಳು ಆ ಅತಿ ಹೊಗಳಿಕೆ ಓದಿದ ಮೇಲೆ ಸುಲಭದ್ದನ್ನೇ ಆರಿಸಿಕೊಂಡರು. ಬರೀ “ಚಂದ” ಅನ್ನಿಸಿಕೊಂಡವರಲ್ಲಿ ಹಾಗಾಗಲಿಲ್ಲ. ಬೇಜಾರಿನ ಸಂಗತಿ ಏನೆಂದರೆ, ಅದೇ ತಂಡ ಕಂಡಂತೆ ದೊಡ್ಡವರು ಅತಿ ಹೊಗಳಿಕೆಯನ್ನು ಹೆಚ್ಚಾಗಿ ಸುರಿಯುವುದು ಇಂಥ ಮಕ್ಕಳ ಮೇಲೆಯೇ.

ಆಗುವ ತಪ್ಪು ಇಷ್ಟೇ, ಆದರೆ ಇದು ಸರಿಯಾಗಿ ಅರ್ಥವಾಗಬೇಕು, ಅದಕ್ಕೇ ಬಿಡಿಸಿ ಹೇಳುತ್ತೇನೆ. “ಅದ್ಭುತ!” ಅಂದಾಗ ನೀವು ಪ್ರೀತಿ ತೋರಿಸುತ್ತಿದ್ದೀರಿ; ಮಗು ಮಾತ್ರ ಅದನ್ನು ಅಳತೆಗೋಲು ಅಂತ ತಗೊಳ್ಳುತ್ತದೆ. ಮುಂದಿನ ಸಲವೂ ಅಷ್ಟೇ ಅದ್ಭುತವಾಗಿರಬೇಕು, ಇಲ್ಲದಿದ್ದರೆ ಅಮ್ಮನಿಗೆ ನಿಜ ಗೊತ್ತಾಗಿಬಿಡುತ್ತೆ ಅನ್ನುವ ದಿಗಿಲು ಹುಟ್ಟುತ್ತದೆ. ದಿಗಿಲಿಗೆ ಕಷ್ಟದ ಕೆಲಸ ಬಿಡುತ್ತದೆ. ಬಿಟ್ಟದ್ದನ್ನು ಕಲಿಯುವುದಿಲ್ಲ. ಕಲಿಯದಿದ್ದಾಗ “ನಂಗೆ ಬರಲ್ಲ” ಅನ್ನುವುದು ನಿಜವೇ ಆಗಿಬಿಡುತ್ತದೆ. ಅದನ್ನು ಕೇಳಿ ನೀವು ಇನ್ನೂ ಜೋರಾಗಿ ಹೊಗಳುತ್ತೀರಿ. ಒಮ್ಮೆ ಶುರುವಾದರೆ ಈ ಸುತ್ತು ತಾನಾಗಿ ನಿಲ್ಲುವುದಿಲ್ಲ.

“ನೀನು ಜಾಣೆ” ಅನ್ನುವುದೂ ಇದೇ ಜಾತಿಯದು. 1998ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಅಮೆರಿಕದ ಐದನೇ ಕ್ಲಾಸಿನ ಮಕ್ಕಳಲ್ಲಿ ನೋಡಿದ್ದು: ಜಾಣತನಕ್ಕೆ ಹೊಗಳಿಸಿಕೊಂಡವರು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು, ಮೊದಲಿಗಿಂತ ಕಡಿಮೆ ಒಗಟು ಬಿಡಿಸಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಸುಧಾರಿಸಿದರು. ಕನ್ನಡಿ ಮುಂದೆ ನಿಂತು “ನಾನು ಒಳ್ಳೆಯವಳು” ಅಂತ ಜಪ ಮಾಡಿಸುವುದೂ ಬೇಡ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ 2009ರಲ್ಲಿ ತೋರಿಸಿದ ಹಾಗೆ, ಅಂಥ ವಾಕ್ಯಗಳಿಂದ ಆತ್ಮಗೌರವ (ಸೆಲ್ಫ್ ಎಸ್ಟೀಮ್) ಕಡಿಮೆ ಇರುವವರ ಮನಸ್ಸು ಇನ್ನಷ್ಟು ಕುಗ್ಗಿತು. ಒಳಗಿನಿಂದ “ಸುಳ್ಳು” ಅನ್ನುವ ದನಿಯೂ ಜೊತೆಗೇ ಏಳುತ್ತದಲ್ಲ.

ಹಾಗಾದರೆ ಏನು ಮಾಡಬೇಕು? ಅವಳ ಲೆಕ್ಕದ ನೋಟ್‌ಬುಕ್ ತೆಗೆಯಿರಿ. 2/3 + 1/4ಕ್ಕೆ 3/7 ಅಂತ ಬರೆದಿದ್ದಾಳೆ ಅಂದುಕೊಳ್ಳಿ. ಆ ವಯಸ್ಸಿನ ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಡುತ್ತಾರೆ. “ಪರವಾಗಿಲ್ಲ ಬಂಗಾರ, ನೀನು ಸೂಪರ್” ಅನ್ನಬೇಡಿ. “2/3 ಅರ್ಧಕ್ಕಿಂತ ಜಾಸ್ತಿನಾ ಕಡಿಮೆನಾ? 3/7?” ಅಂತ ಕೇಳಿ, ಸುಮ್ಮನಾಗಿ. ಪೆನ್ಸಿಲ್ ಅವಳ ಕೈಯಲ್ಲೇ ಇರಲಿ. ಕೂಡಿಸಿದ ಮೇಲೆ ಉತ್ತರ ಕಡಿಮೆ ಹೇಗಾಯ್ತು ಅಂತ ಅವಳಿಗೇ ಹೊಳೆಯಬೇಕು. ಆಮೇಲೆ 8/12, 3/12 ಮಾಡಿ 11/12 ತಂದಾಗ “ಎರಡಕ್ಕೂ ಛೇದ 12 ಮಾಡಿಕೊಂಡೆಯಲ್ಲ, ಅಲ್ಲೇ ಸರಿಹೋಯ್ತು” ಅನ್ನಿ. ಏನು ಮಾಡಿದ್ದರಿಂದ ಬಂತು ಅನ್ನುವುದು ಅವಳಿಗೆ ಗೊತ್ತಾದರೆ ನಾಳೆ ನೀವಿಲ್ಲದಾಗಲೂ ಮಾಡುತ್ತಾಳೆ. ಹತ್ತು ಲೆಕ್ಕ ಕೊಟ್ಟರೆ ಏಳೆಂಟು ಅವಳ ಕೈಗೆ ಬರುವಂಥವಿರಲಿ, ಎರಡು ಮೂರು ಎಡವುವಂಥವು. ಎಲ್ಲವೂ ಸುಲಭವಾದರೆ ಗೆದ್ದದ್ದಕ್ಕೆ ಬೆಲೆಯಿಲ್ಲ, ಎಲ್ಲವೂ ಕಷ್ಟವಾದರೆ ಪುಸ್ತಕ ಮುಚ್ಚುತ್ತಾಳೆ.

ಇನ್ನೊಂದು. ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ ಅವರ ಕೆಲಸದಿಂದ ತಿಳಿದಂತೆ, ಸುಮಾರು ಎಂಟು ವರ್ಷದ ಹೊತ್ತಿಗೆ ಮಗು ತನ್ನನ್ನು ಒಟ್ಟಾರೆಯಾಗಿ ತೂಗಿ ನೋಡಲು ಶುರು ಮಾಡುತ್ತದೆ. ಓದು, ಆಟ, ಗೆಳೆತನ, ರೂಪ, ನಡತೆ ಎಲ್ಲದರಲ್ಲೂ ಪಕ್ಕದವರ ಜೊತೆ ಹೋಲಿಸಿಕೊಳ್ಳುತ್ತದೆ. ನಿಮ್ಮ ಮಗಳು ಆ ವಯಸ್ಸಿನಲ್ಲಿದ್ದಾಳೆ. ಮದುವೆ ಮನೆಯಲ್ಲಿ “ಎಷ್ಟು ಮಾರ್ಕ್ಸ್ ಪುಟ್ಟಿ? ನಮ್ಮ ರಾಹುಲ್‌ಗೆ 96” ಅನ್ನುವ ಚಿಕ್ಕಮ್ಮನ ಬಾಯಿ ಮುಚ್ಚಿಸುವುದು ನಿಮ್ಮ ಜವಾಬ್ದಾರಿ. “ಮಾರ್ಕ್ಸ್ ಮಾತು ಬೇಡ ಚಿಕ್ಕಮ್ಮ” ಅಂತ ಅವಳ ಎದುರಿಗೇ ಹೇಳಿ. ಮಾರ್ಕ್ಸ್ ಕಮ್ಮಿ ಬಂದ ದಿನ ಮನೆಯಲ್ಲಿ ಮಾತು ಬಿಡಬೇಡಿ, ಊಟಕ್ಕೆ ಎಂದಿನಂತೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎರಡು ವಾರಕ್ಕೂ ಮೀರಿ ಊಟ, ನಿದ್ದೆ, ಆಟ ಮೂರೂ ಕೆಟ್ಟಿದ್ದರೆ, ಅಥವಾ “ನಾನಿಲ್ಲದಿದ್ರೇ ಒಳ್ಳೇದು” ಅನ್ನುವಂಥ ಮಾತು ಒಂದೇ ಒಂದು ಸಲ ಬಂದರೂ, ಇದ್ಯಾವುದಕ್ಕೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.