ಕಾಡಿಗೆ ಬೇಕಂತಲೇ ಬೆಂಕಿ: ಮರಿಗಳ ಗತಿ ಏನು?

ಪ್ರಶ್ನೆ: ಕಾಡು ಉಳಿಸಲು ಅರಣ್ಯ ಸಿಬ್ಬಂದಿಯೇ ಬೆಂಕಿ ಹಚ್ಚುತ್ತಾರಂತೆ. ಗೂಡು, ಮರಿ ಎಲ್ಲ ಸುಟ್ಟುಹೋಗುವುದಿಲ್ಲವೇ? ಇದೆಂಥ ಸಂರಕ್ಷಣೆ ಸಾರ್?

ಉತ್ತರ: ಕೆಲವು ಸಾಯುತ್ತವೆ, ಸುಳ್ಳು ಹೇಳುವುದಿಲ್ಲ. ಬಸವನಹುಳು, ನೆಲದ ಗೂಡಿನಲ್ಲಿರುವ ಮರಿ ಎಲ್ಲಿಗೆ ಓಡಬೇಕು? ಆದರೆ ಇದು ಕಾಳ್ಗಿಚ್ಚಿನ ಥರದ ಬೆಂಕಿಯಲ್ಲ. ಗಾಳಿ ಕಡಿಮೆಯಿದ್ದು, ಸ್ವಲ್ಪ ತೇವ ಇರುವ ದಿನ ನೋಡಿ, ಸುತ್ತ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿ) ಬಿಡಿಸಿ ಹಚ್ಚುತ್ತಾರೆ. ಒಣಹುಲ್ಲು, ತರಗೆಲೆ ಉರಿದು ಮುಗಿಯುತ್ತದೆ. ಒಂದು ಗೇಣು ಕೆಳಗೆ ಮಣ್ಣು ತಣ್ಣಗೇ ಇರುತ್ತದೆ.

ಅಮೆರಿಕದ ಆಗ್ನೇಯ ಭಾಗದ ಲಾಂಗ್‌ಲೀಫ್ ಪೈನ್ ಕಾಡಿನಲ್ಲಿ ಗೋಫರ್ ಆಮೆ ಉದ್ದದ ಬಿಲ ತೋಡುತ್ತದೆ. ಆ ಬಿಲಗಳನ್ನು 350ಕ್ಕೂ ಹೆಚ್ಚು ಬಗೆಯ ಜೀವಿಗಳು ಬಳಸುತ್ತವೆ. ಬೆಂಕಿ ಬಂದರೆ ಹಾವು, ಕಪ್ಪೆ, ಇಲಿಗೆಲ್ಲ ಅದೇ ಆಸರೆ. ಬೆಂಕಿಯೇ ಬೀಳದಿದ್ದರೆ ಬೇರೆ ಮರ, ಪೊದೆ ನುಗ್ಗಿ ನೆರಳು ಕವಿಯುತ್ತದೆ, ಹುಲ್ಲು ಸಾಯುತ್ತದೆ, ಆಮೆಗೆ ಮೇವೇ ಇಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಕಿರ್ಟ್‌ಲ್ಯಾಂಡ್ ವಾರ್ಬ್ಲರ್ ಕಥೆ ಇನ್ನೂ ವಿಚಿತ್ರ. ಈ ಪುಟ್ಟ ಹಕ್ಕಿ ಗೂಡು ಕಟ್ಟುವುದು ಎಳೆಯ ಜ್ಯಾಕ್ ಪೈನ್ ಮರಗಳ ಬುಡದಲ್ಲಿ. ಮರಕ್ಕೆ ಸುಮಾರು 20 ವರ್ಷ ದಾಟಿದರೆ ಜಾಗ ಬಿಡುತ್ತದೆ. ಜ್ಯಾಕ್ ಪೈನ್ ಕಾಯಿಗಳಿಗೋ ಮೇಣದಂಥ ಅಂಟು. ಬಿಸಿ ತಾಗಿದರೇನೇ ಬಿಚ್ಚಿ ಬೀಜ ಉದುರುವುದು. ಬೆಂಕಿ ಆರಿಸುತ್ತಲೇ ಬಂದರು, ಎಳೆಯ ಕಾಡು ಕಡಿಮೆಯಾಯಿತು. 1987ರಲ್ಲಿ ಎಣಿಸಿದಾಗ ಹಾಡುವ ಗಂಡುಹಕ್ಕಿಗಳು ಬರೀ 167!

ಈ ಹಕ್ಕಿಗಾಗಿಯೇ 1980ರ ಮೇ 5ರಂದು ಮ್ಯಾಕ್ ಲೇಕ್ ಬಳಿ ಹಚ್ಚಿದ ಬೆಂಕಿ ಕೈತಪ್ಪಿತ್ತು. ಸುಮಾರು 24,000 ಎಕರೆ ಸುಟ್ಟಿತು, ಹತ್ತಾರು ಮನೆ ಹೋದವು, ಬೆಂಕಿ ಆರಿಸುತ್ತಿದ್ದ ಒಬ್ಬರು ಸತ್ತರು. ಆದರೆ ಹತ್ತು ವರ್ಷದ ಹೊತ್ತಿಗೆ ಹಕ್ಕಿಗಳು ಮತ್ತೆ ಹೆಚ್ಚಿದ್ದು ಮುಖ್ಯವಾಗಿ ಅದೇ ಸುಟ್ಟ ಜಾಗದಲ್ಲಿ. 2019ರಲ್ಲಿ ಈ ಹಕ್ಕಿಯನ್ನು ಅಳಿವಿನ ಅಪಾಯದ ಪಟ್ಟಿಯಿಂದ ತೆಗೆದರು. ಈಗ ಅಲ್ಲಿ ಹೆಚ್ಚಾಗಿ ಮರ ಕಡಿದು ಸಸಿ ನೆಡುತ್ತಾರೆ. ವಾರ್ಬ್ಲರ್‌ಗೆ ಅದು ಸಾಕು. ಆದರೆ ಸುಟ್ಟು ನಿಂತ ಒಣಮರ ಸಿಗುವುದಿಲ್ಲ, ಅಲ್ವಾ? ಅದು ಮರಕುಟಿಗಕ್ಕೆ ನಷ್ಟ.

ಇದನ್ನೇ ಮಳೆಕಾಡಿಗೆ ಹೇಳಿದರೆ ಅನಾಹುತ. ಅಲ್ಲಿನ ಎಷ್ಟೋ ಮರಗಳ ತೊಗಟೆ ತೆಳು, ಸಣ್ಣ ಬೆಂಕಿಗೂ ಸಾಯುತ್ತವೆ. ಬೆಂಕಿಗೆ ಒಗ್ಗಿದ ಕಾಡಿನಲ್ಲೂ ವರ್ಷವರ್ಷ ಸುಟ್ಟರೆ ಸಸಿ ಮೇಲೇಳುವುದೇ ಇಲ್ಲ.

ಇನ್ನೊಮ್ಮೆ ಇಂಥ ಸುದ್ದಿ ಓದಿದಾಗ ಗೂಡು ಕಟ್ಟುವ ಕಾಲ ಬಿಟ್ಟು ಸುಟ್ಟರಾ, ನಡುವೆ ಸುಡದ ತುಂಡುಗಳನ್ನು ಉಳಿಸಿದರಾ ನೋಡಿ. ಓಡಿದ ಪ್ರಾಣಿಗಳು ತಂಗುವುದು ಅಲ್ಲೇ.